ಪೈಪಿನೊಳಗಿನ ಪೈಪು: ಸಂದಿನ ನೀರಿಗೆ ಯಾವ ವ್ಯಾಸ ಹಿಡಿಯಬೇಕು?

ಪ್ರಶ್ನೆ: ಸರ್, ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ನಮ್ಮ ಲ್ಯಾಬಿನಲ್ಲಿ ಪೈಪಿನೊಳಗೆ ಪೈಪು ಇರುವ ಹೀಟ್ ಎಕ್ಸ್‌ಚೇಂಜರ್ ಇದೆ. ಒಳಗಿನ ತಾಮ್ರದ ಕೊಳವೆಯಲ್ಲಿ ಬಿಸಿನೀರು, ಎರಡು ಪೈಪುಗಳ ನಡುವಿನ ಸಂದಿನಲ್ಲಿ ತಣ್ಣೀರು. ತಾಮ್ರದ ಕೊಳವೆಯ ಹೊರವ್ಯಾಸ 13 ಮಿ.ಮೀ., ಹೊರಗಿನ ಪೈಪಿನ ಒಳವ್ಯಾಸ 26 ಮಿ.ಮೀ., ಉದ್ದ ಒಂದೂವರೆ ಮೀಟರ್. ಸಂದಿನಲ್ಲಿ ನಿಮಿಷಕ್ಕೆ 3 ಲೀಟರ್ ನೀರು ಬಿಟ್ಟಿದ್ದೆವು. ಒಂದು ಪುಸ್ತಕದ ಪ್ರಕಾರ ಸಂದಿನ ವ್ಯಾಸ 13 ಮಿ.ಮೀ., ಇನ್ನೊಂದರ ಪ್ರಕಾರ 39 ಮಿ.ಮೀ. 39 ಹಾಕಿದರೆ ರೆನಾಲ್ಡ್ಸ್ ಸಂಖ್ಯೆ (ಹರಿವು ಯಾವ ಥರದ್ದು ಎಂದು ತಿಳಿಸುವ ಅಂಕಿ) 6000 ದಾಟಿತು. ಹಾಗಾಗಿ ಹರಿವು ಟರ್ಬ್ಯುಲೆಂಟ್, ಅಂದರೆ ಸುಳಿ ಎದ್ದು ಕಲಸಿಕೊಳ್ಳುವಂಥದ್ದು, ಅಂದುಕೊಂಡು ಡಿಟ್ಟಸ್-ಬೋಲ್ಟರ್ ಸೂತ್ರ ಬಳಸಿದೆವು. ಲೆಕ್ಕದಲ್ಲಿ ಹೀಟ್ ಟ್ರಾನ್ಸ್‌ಫರ್ ಕೋಎಫಿಶಿಯೆಂಟ್ (ಗೋಡೆಯಿಂದ ನೀರಿಗೆ ಶಾಖ ಎಷ್ಟು ಸಲೀಸಾಗಿ ದಾಟುತ್ತದೆ ಅನ್ನುವ ಅಳತೆ) 760 ಬಂತು, ಅಳತೆಯಲ್ಲಿ ಸುಮಾರು 430 ಅಷ್ಟೇ. ಯಾವ ವ್ಯಾಸ ಸರಿ? ತಪ್ಪು ಎಲ್ಲಾಗಿದೆ?

ಉತ್ತರ: ಒಳ್ಳೆಯ ಪ್ರಶ್ನೆ. ಅಳತೆಗೂ ಲೆಕ್ಕಕ್ಕೂ ತಾಳೆಯಾಗದಿದ್ದಾಗ ರೀಡಿಂಗ್ ತಿದ್ದದೆ ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದ್ದೀರಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಮೊದಲೇ ಹೇಳಿಬಿಡುತ್ತೇನೆ, ನಿಮ್ಮ ಅಳತೆ ಹೆಚ್ಚುಕಡಿಮೆ ಸರಿಯಾಗಿದೆ. ಎಡವಿದ್ದು ಲೆಕ್ಕ. ನಿಮ್ಮ ಸಂದಿನ ನೀರು ಟರ್ಬ್ಯುಲೆಂಟ್ ಆಗಿಯೇ ಇರಲಿಲ್ಲ.

ಎರಡು ವ್ಯಾಸ ಎಲ್ಲಿಂದ ಬಂದವು ನೋಡೋಣ. ದುಂಡಗಿಲ್ಲದ ದಾರಿಗೆ ಒಂದು ಸಮಾನ ವ್ಯಾಸ ಕೊಡಬೇಕಾದರೆ ಹರಿಯುವ ಜಾಗದ ವಿಸ್ತೀರ್ಣವನ್ನು ನಾಲ್ಕರಿಂದ ಗುಣಿಸಿ, ನೀರು ತಾಗುವ ಸುತ್ತಳತೆಯಿಂದ ಭಾಗಿಸುತ್ತೇವೆ. ಸಂದಿನಲ್ಲಿ ನೀರು ಒಳಗಿನ ಕೊಳವೆಗೂ ತಾಗುತ್ತದೆ, ಹೊರಗಿನ ಪೈಪಿಗೂ ತಾಗುತ್ತದೆ. ಎರಡನ್ನೂ ಹಿಡಿದರೆ ಉತ್ತರ ಸರಳ: 26ರಿಂದ 13 ಕಳೆದರೆ 13. ಇದು ಹೈಡ್ರಾಲಿಕ್ ವ್ಯಾಸ. ಹಳೆಯ ಡಿಸೈನ್ ಕೈಪಿಡಿಗಳಲ್ಲಿ ಇನ್ನೊಂದು ವಾದ ಇದೆ. ಶಾಖ ದಾಟುವುದು ಒಳಗೋಡೆಯಿಂದ ಮಾತ್ರ ತಾನೇ, ಹಾಗಾದರೆ ಆ ಒಂದು ಗೋಡೆಯ ಸುತ್ತಳತೆಯಿಂದ ಭಾಗಿಸಿ ಅನ್ನುತ್ತಾರೆ. ಹಾಗೆ ಮಾಡಿದರೆ 26ರ ವರ್ಗದಲ್ಲಿ 13ರ ವರ್ಗ ಕಳೆದು 13ರಿಂದ ಭಾಗಿಸಬೇಕು, 39 ಬರುತ್ತದೆ. ಆ ಕೈಪಿಡಿಗಳು ಒತ್ತಡದ ನಷ್ಟ ಲೆಕ್ಕ ಹಾಕುವಾಗ ಮತ್ತೆ 13ಕ್ಕೇ ಬರುತ್ತವೆ. ಅಂದರೆ ಒಂದೇ ಸಂದು, ಒಂದೇ ನೀರು, ಆದರೆ ಎರಡು ರೆನಾಲ್ಡ್ಸ್ ಸಂಖ್ಯೆ!

ನನಗೆ ಇದು ಎಂದೂ ಒಪ್ಪಿಗೆಯಾಗಿಲ್ಲ. ಯಾವ ಗೋಡೆ ಬಿಸಿ, ಯಾವುದು ತಣ್ಣಗೆ ಅನ್ನುವುದನ್ನು ನೋಡಿ ನೀರು ಸುಳಿ ಎಬ್ಬಿಸುವುದಿಲ್ಲ. ಸುಳಿ ಏಳುವುದೂ ಅಡಗುವುದೂ ವೇಗ, ಸಂದಿನ ಅಗಲ ಮತ್ತು ನೀರಿನ ಸ್ನಿಗ್ಧತೆಯ (ಅಂಟುತನದ) ಮೇಲೆ. ಎರಡೂ ಗೋಡೆ ನೀರನ್ನು ಹಿಡಿದು ಎಳೆಯುತ್ತವೆ, ಹೀಟರ್ ಆಫ್ ಆಗಿದ್ದರೂ ಎಳೆಯುತ್ತವೆ. ಆದ್ದರಿಂದ ಹರಿವು ಯಾವ ಥರದ್ದು ಎಂದು ತೀರ್ಮಾನಿಸಲು 13 ಮಾತ್ರ ಬಳಸಿ. ಶಾಖ ಒಂದೇ ಗೋಡೆಯಿಂದ ಬರುತ್ತಿದೆ ಅನ್ನುವುದನ್ನು ಆಮೇಲೆ ಬೇರೆಯಾಗಿ ಲೆಕ್ಕಕ್ಕೆ ತರಬೇಕು. ಎರಡನ್ನೂ ಒಂದೇ ವ್ಯಾಸದೊಳಗೆ ತುರುಕಿದರೆ ನಿಮಗಾದ ಹಾಗೆ ಆಗುತ್ತದೆ.

ನಿಮ್ಮದೇ ಅಂಕಿ ಹಾಕುತ್ತೇನೆ. ಸಂದಿನ ವಿಸ್ತೀರ್ಣ ಸುಮಾರು 398 ಚದರ ಮಿ.ಮೀ. ನಿಮಿಷಕ್ಕೆ 3 ಲೀಟರ್ ಅಂದರೆ ವೇಗ ಸೆಕೆಂಡಿಗೆ 12.6 ಸೆಂ.ಮೀ. ನೀರು 30 ಡಿಗ್ರಿ ಆಸುಪಾಸಿನಲ್ಲಿದೆ ಎಂದುಕೊಂಡರೆ 13 ಮಿ.ಮೀ. ವ್ಯಾಸಕ್ಕೆ ರೆನಾಲ್ಡ್ಸ್ ಸಂಖ್ಯೆ ಸುಮಾರು 2040. 1883ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯ ನೀರಿಗೆ ಬಣ್ಣದ ಎಳೆ ಬಿಟ್ಟು ನೋಡಿದ ಪ್ರಯೋಗ ನಿಮಗೆ ಪಾಠದಲ್ಲಿ ಬಂದೇ ಇರುತ್ತದೆ. ಆ ಎಳೆ ಕದಡದೆ ನೇರವಾಗಿ ಸಾಗುವ ಕಡೆಗೇ ನಿಮ್ಮ ನೀರು ಇನ್ನೂ ಇದೆ. 39 ಹಾಕಿದ್ದರಿಂದ ಸಂಖ್ಯೆ ಮೂರು ಪಟ್ಟಾಗಿ 6120 ಆಯಿತು. ನೀರು ಅದೇ, ಹರಿವೂ ಅದೇ, ಕಾಗದದ ಮೇಲೆ ಮಾತ್ರ ಟರ್ಬ್ಯುಲೆಂಟ್ ಆಯಿತು.

ಹಾಗಾದರೆ ಎಷ್ಟು ಬರಬೇಕಿತ್ತು? ವ್ಯಾಸಗಳ ಅನುಪಾತ ಅರ್ಧ ಇರುವ ಸಂದಿನಲ್ಲಿ, ಲ್ಯಾಮಿನಾರ್ (ಸುಳಿಯಿಲ್ಲದೆ ಪದರ ಪದರವಾಗಿ ಸಾಗುವ) ಹರಿವು ಪೂರ್ತಿ ನೆಲೆಗೊಂಡಿದ್ದು ಒಳಗೋಡೆ ಮಾತ್ರ ಬಿಸಿಯಿದ್ದರೆ ನಸೆಲ್ಟ್ ಸಂಖ್ಯೆ (ಕೋಎಫಿಶಿಯೆಂಟನ್ನು ವ್ಯಾಸದಿಂದ ಗುಣಿಸಿ ನೀರಿನ ಶಾಖವಾಹಕತೆಯಿಂದ ಭಾಗಿಸಿದ ಅಂಕಿ) 6ರ ಹತ್ತಿರ. ಗೋಡೆಯ ಉಷ್ಣತೆ ಒಂದೇ ಸಮ ಇದ್ದರೆ 5.74, ಗೋಡೆಯಿಂದ ಹೊರಡುವ ಶಾಖ ಒಂದೇ ಸಮ ಇದ್ದರೆ 6.18. ಅದರಿಂದ ಕೋಎಫಿಶಿಯೆಂಟ್ ಚದರ ಮೀಟರಿಗೆ, ಡಿಗ್ರಿಗೆ 270ರಿಂದ 290 ವ್ಯಾಟ್ ಬರುತ್ತದೆ. ನಿಮಗೆ ಸಿಕ್ಕಿದ್ದು 430. ಹೆಚ್ಚಿಗೆ ಬಂದದ್ದು ಯಾಕೆ ಅಂದರೆ ಹರಿವು ನೆಲೆಗೊಳ್ಳುವಷ್ಟು ಉದ್ದ ನಿಮ್ಮ ಪೈಪಿಗೆ ಇಲ್ಲ. ಲ್ಯಾಮಿನಾರ್ ನೀರಿನಲ್ಲಿ ಶಾಖದ ಪದರ ಗೋಡೆಯಿಂದ ಬೆಳೆದು ಸಂದನ್ನೆಲ್ಲ ತುಂಬಲು ಈ ಹರಿವಿಗೆ 7 ಮೀಟರ್ ಹತ್ತಿರ ಬೇಕು. ನಿಮ್ಮ ಪೈಪು ಒಂದೂವರೆ ಮೀಟರಿಗೇ ಮುಗಿಯಿತು. ಪದರ ಇನ್ನೂ ತೆಳ್ಳಗಿರುವ ಜಾಗದಲ್ಲಿ ಶಾಖ ಜಾಸ್ತಿ ದಾಟುತ್ತದೆ, ಸರಾಸರಿ ಮೇಲೇರುತ್ತದೆ. 400 ಚಿಲ್ಲರೆ ಬಂದರೆ ನನಗೆ ಆಶ್ಚರ್ಯವಿಲ್ಲ.

ಈಗ ನಿಜವಾದ ಟರ್ಬ್ಯುಲೆಂಟ್ ಹರಿವಿಗೆ ಬರೋಣ. ಪಂಪು ಕೊಡುವುದಾದರೆ ಸಂದಿನ ನೀರನ್ನು ನಿಮಿಷಕ್ಕೆ 10 ಲೀಟರಿಗೆ ಏರಿಸಿ. ರೆನಾಲ್ಡ್ಸ್ ಸಂಖ್ಯೆ 6800 ಆಗುತ್ತದೆ, ಈ ಸಲ 13 ಮಿ.ಮೀ. ಹಿಡಿದೇ. ಡಿಟ್ಟಸ್-ಬೋಲ್ಟರ್ ಹಾಕಿದರೆ 2490 ಬರುತ್ತದೆ. ಅದೇ ಸೂತ್ರಕ್ಕೆ 39 ಹಾಕಿದರೆ 2000. ವ್ಯಾಸ ಮೂರು ಪಟ್ಟು ಬದಲಾದರೂ ಉತ್ತರ 20 ಶೇಕಡ ಮಾತ್ರ ಜಾರಿತು, ಗಮನಿಸಿ. ಟರ್ಬ್ಯುಲೆಂಟ್ ಹರಿವಿನಲ್ಲಿ ಕೋಎಫಿಶಿಯೆಂಟ್ ವ್ಯಾಸದ ಐದನೇ ಮೂಲಕ್ಕೆ ತಕ್ಕಂತೆ ಮಾತ್ರ ಇಳಿಯುತ್ತದೆ. ಹಾಗಾಗಿಯೇ ಇಷ್ಟು ವರ್ಷ ಎರಡೂ ವ್ಯಾಸಗಳು ಪುಸ್ತಕಗಳಲ್ಲಿ ಉಳಿದುಕೊಂಡು ಬಂದಿವೆ. ಹರಿವು ಜೋರಾಗಿದ್ದರೆ ತಪ್ಪು ವ್ಯಾಸವೂ ದಡ ಸೇರಿಸುತ್ತದೆ. ಹರಿವು ನಿಧಾನವಾದಾಗ ಕೈಕೊಡುತ್ತದೆ.

ಆದರೆ 6800ಕ್ಕೆ ಡಿಟ್ಟಸ್-ಬೋಲ್ಟರ್ ನಾನು ಬಳಸುವುದಿಲ್ಲ. ಅದು ಬರ್ಕ್ಲಿಯಲ್ಲಿ 1930ರಲ್ಲಿ ಕಾರಿನ ರೇಡಿಯೇಟರಿಗೆಂದು ಬರೆದ ಸೂತ್ರ. ಈಗ ನಾವು ಬಾಯಿಪಾಠ ಮಾಡಿರುವ 0.023 ಅನ್ನುವ ಅಂಕಿ ಮೂಲದಲ್ಲಿ ಇರಲೇ ಇಲ್ಲ, ಆಮೇಲೆ ಮ್ಯಾಕ್‌ಆಡಮ್ಸ್ ಅವರ ಪಠ್ಯಪುಸ್ತಕದ ಮೂಲಕ ರೂಢಿಗೆ ಬಂತು. 10,000ದ ಮೇಲೆ ಅದನ್ನು ನಂಬಬಹುದು. ನಿಮ್ಮ ಸಂದಿನಲ್ಲಿ ಅಷ್ಟು ಬರಬೇಕಾದರೆ ನಿಮಿಷಕ್ಕೆ 15 ಲೀಟರ್ ಬಿಡಬೇಕು. 3000ದಿಂದ ಮೇಲಕ್ಕೆ ಜರ್ಮನಿಯ ಗ್ನಿಲಿನ್‌ಸ್ಕಿ 1976ರಲ್ಲಿ ಕೊಟ್ಟ ಸೂತ್ರ ಹೆಚ್ಚು ಭದ್ರ. ಅದರಲ್ಲಿ ಮೊದಲು ಘರ್ಷಣೆಯ ಅಂಶ ಲೆಕ್ಕ ಹಾಕಬೇಕು, ಸ್ವಲ್ಪ ಉದ್ದ, ಆದರೆ ಕ್ಯಾಲ್ಕುಲೇಟರಿನಲ್ಲಿ ಎರಡು ನಿಮಿಷದ ಕೆಲಸ. ನಿಮ್ಮ ಅಂಕಿಗಳಿಗೆ ನಸೆಲ್ಟ್ ಸಂಖ್ಯೆ 50 ಬರುತ್ತದೆ.

ಇದು ದುಂಡು ಕೊಳವೆಯ ಉತ್ತರ. ಸಂದಿಗೆ ಇದನ್ನು ತಿದ್ದಬೇಕು. ಶಾಖ ಯಾವ ಗೋಡೆಯಿಂದ ಬರುತ್ತಿದೆ ಅನ್ನುವ ಪ್ರಶ್ನೆ ಇಲ್ಲಿಗೇ ಸೇರಬೇಕಾದದ್ದು.

ಎರಡು ಗೋಡೆಗಳೂ ನೀರಿಗೆ ಒಂದೇ ಥರ ಅಲ್ಲ. ಒಳಗೋಡೆಯ ಸುತ್ತಳತೆ ಸಣ್ಣದು, ಅದರಿಂದ ಹೊರಟ ಶಾಖ ಮುಂದೆ ಹೋದಷ್ಟೂ ಅಗಲವಾದ ಜಾಗಕ್ಕೆ ಹರಡಿಕೊಳ್ಳುತ್ತದೆ. ಹೊರಗೋಡೆಯಿಂದ ಹೊರಟ ಶಾಖ ಕಿರಿದಾಗುತ್ತಾ ಹೋಗುವ ಜಾಗಕ್ಕೆ ನುಗ್ಗಬೇಕು. ವೇಗವೂ ಸಂದಿನ ನಟ್ಟನಡುವೆ ಗರಿಷ್ಠ ಆಗುವುದಿಲ್ಲ, ಒಳಗೋಡೆಯ ಕಡೆಗೆ ಒಂಚೂರು ವಾಲಿರುತ್ತದೆ. 1963ರಲ್ಲಿ ಕೇಸ್ ಮತ್ತು ಲ್ಯುಂಗ್ ಇಂಥ ಸಂದುಗಳ ಟರ್ಬ್ಯುಲೆಂಟ್ ಶಾಖದ ಬಗ್ಗೆ ಮಾಡಿದ ಕೆಲಸದಲ್ಲಿ ಆ ಜಾಗ ಗುರುತಿಸಲು ಸರಳವಾದ ಸಂಬಂಧ ಇದೆ. ನಿಮ್ಮ ಆರೂವರೆ ಮಿ.ಮೀ. ಸಂದಿಗೆ ಹಾಕಿದರೆ ಒಳಗೋಡೆಯಿಂದ 2.9 ಮಿ.ಮೀ. ದೂರ ಬರುತ್ತದೆ. ನಡುಮಧ್ಯ 3.25. ಅದರಿಂದ ಒಳಗೋಡೆಯ ಮೇಲಿನ ಎಳೆತ ಹೊರಗೋಡೆಗಿಂತ 12 ಶೇಕಡದಷ್ಟು ಜಾಸ್ತಿ. ಲ್ಯಾಮಿನಾರ್ ಆಗಿದ್ದರೆ ಈ ಅಂತರ 27 ಶೇಕಡ ಇರುತ್ತಿತ್ತು. ಸುಳಿಗಳು ನೀರನ್ನು ಕಲಸಿ ಎರಡು ಗೋಡೆಗಳ ನಡುವಿನ ಭೇದವನ್ನು ಅರ್ಧಕ್ಕಿಂತ ಕಡಿಮೆ ಮಾಡಿಬಿಟ್ಟವು. ಸಂದಿನ ವಿಷಯದಲ್ಲಿ ನನಗೆ ಅತ್ಯಂತ ಚಂದ ಅನ್ನಿಸುವ ಸಂಗತಿ ಇದೇ.

ತಿದ್ದುಪಡಿಯ ಸಂಖ್ಯೆ ಕೊಟ್ಟವರು ಸೋವಿಯತ್ ರಷ್ಯಾದ ಪೆಟುಖೋವ್ ಮತ್ತು ರೊಯಿಝೆನ್, 1964ರಲ್ಲಿ. ಒಳಗೋಡೆ ಮಾತ್ರ ಬಿಸಿಯಾಗಿದ್ದರೆ ವ್ಯಾಸಗಳ ಅನುಪಾತವನ್ನು ಮೈನಸ್ 0.16 ಘಾತಕ್ಕೆ ಏರಿಸಿ 0.86ರಿಂದ ಗುಣಿಸಿ. ಹೊರಗೋಡೆ ಮಾತ್ರ ಬಿಸಿಯಾಗಿದ್ದರೆ ಅನುಪಾತವನ್ನು 0.6 ಘಾತಕ್ಕೆ ಏರಿಸಿ, 0.14ರಿಂದ ಗುಣಿಸಿ, 1ರಿಂದ ಕಳೆಯಿರಿ. ನಿಮ್ಮ ಅನುಪಾತ ಅರ್ಧ. ಒಳಗೋಡೆಗೆ 0.96, ಹೊರಗೋಡೆಗೆ 0.91. ಒಳಗೋಡೆಯ ಲೆಕ್ಕ ಹಿಡಿದರೆ ನಸೆಲ್ಟ್ 48, ಕೋಎಫಿಶಿಯೆಂಟ್ ಸುಮಾರು 2280. ನೋಡಿ, 2000ಕ್ಕೂ 2490ಕ್ಕೂ ಮಧ್ಯೆ ಬಂದು ನಿಂತಿತು. ಒಳಗಿನದು ತೆಳ್ಳಗಿನ ಸರಳಾಗಿದ್ದರೆ ಕಥೆ ಬೇರೆ. ಅನುಪಾತ ಹತ್ತನೇ ಒಂದಾದರೆ ಒಳಗೋಡೆಯ ತಿದ್ದುಪಡಿ 1.24ಕ್ಕೆ ಏರುತ್ತದೆ, ಅಂದರೆ ದುಂಡು ಕೊಳವೆಗಿಂತ ಕಾಲು ಭಾಗ ಹೆಚ್ಚು. ಅನುಪಾತ 0.39ರ ಹತ್ತಿರ ಇದ್ದಾಗ ತಿದ್ದುವುದೇ ಬೇಡ.

ಒಂದು ಎಚ್ಚರಿಕೆ. ಪೆಟುಖೋವ್ ಮತ್ತು ರೊಯಿಝೆನ್ ಕೆಲಸ ಮಾಡಿದ್ದು ಅನಿಲದ ಹರಿವಿನ ಮೇಲೆ, ಅಲ್ಲಿ ಪ್ರಾಂಟ್ಲ್ ಸಂಖ್ಯೆ (ಸ್ನಿಗ್ಧತೆಯ ಪ್ರಭಾವ ಹರಡುವುದಕ್ಕೂ ಶಾಖ ಹರಡುವುದಕ್ಕೂ ಇರುವ ಅನುಪಾತ) 0.7 ಹತ್ತಿರ. ನಿಮ್ಮ ನೀರಿನದು 5.4. ಪ್ರಾಂಟ್ಲ್ ಜಾಸ್ತಿ ಆದಷ್ಟೂ ಶಾಖಕ್ಕೆ ಅಡ್ಡಿಯೆಲ್ಲ ಗೋಡೆಗೆ ಅಂಟಿಕೊಂಡ ತೆಳು ಪದರದಲ್ಲೇ ಕೂತಿರುತ್ತದೆ. ಅದು ಎಷ್ಟು ತೆಳು ಗೊತ್ತಾ? ನಿಮ್ಮ 10 ಲೀಟರ್ ಹರಿವಿನಲ್ಲಿ ಕಾಲು ಮಿ.ಮೀ. ದಪ್ಪದ ನಿಂತ ನೀರು ಎಷ್ಟು ತಡೆಯುತ್ತದೋ ಅಷ್ಟೇ ತಡೆ ಇಡೀ ಸಂದಿನದು. ಅದೇ 3 ಲೀಟರಿನ ಲ್ಯಾಮಿನಾರ್ ಹರಿವು ನೆಲೆಗೊಂಡರೆ ಎರಡು ಮಿ.ಮೀ.ಗೂ ಹೆಚ್ಚು, ಸಂದಿನ ಮೂರನೇ ಒಂದು ಭಾಗ! ಕಾಲು ಮಿ.ಮೀ. ಪದರಕ್ಕೆ ಆರೂವರೆ ಮಿ.ಮೀ. ಆಚೆ ಇನ್ನೊಂದು ಗೋಡೆ ಇದೆಯೋ ಇಲ್ಲವೋ, ಅದು ಬಾಗಿದೆಯೋ ಚಪ್ಪಟೆಯೋ, ದೊಡ್ಡ ವಿಷಯವಲ್ಲ. ಹಾಗಾಗಿ ನೀರಿಗೆ ಈ ತಿದ್ದುಪಡಿ ಇನ್ನೂ ಸಣ್ಣದು ಎಂದೇ ನಾನು ತಿಳಿಯುತ್ತೇನೆ. ಗಾಳಿ ಹರಿಸುವಾಗ ಮಾತ್ರ ಮರೆಯಬೇಡಿ. ದ್ರವ ಸೋಡಿಯಂನಂಥ ಲೋಹಕ್ಕೆ ಈ ಸೂತ್ರಗಳನ್ನೇ ಮುಟ್ಟಬೇಡಿ, ಅಲ್ಲಿ ಶಾಖ ಸುಳಿಯ ಹಂಗಿಲ್ಲದೆ ತಾನಾಗಿ ಹರಡಿಕೊಳ್ಳುತ್ತದೆ.

ಇಲ್ಲಿಯವರೆಗೆ ಒಳಕೊಳವೆ ನಡುಮಧ್ಯೆ ನೆಟ್ಟಗೆ ಕೂತಿದೆ ಎಂದೇ ಮಾತಾಡಿದೆವು. ಅದು ಹಾಗೆ ಕೂತಿರುತ್ತದೆ ಎಂದು ನಂಬಬೇಡಿ.

ಬಹಳ ವರ್ಷಗಳ ಹಿಂದೆ ಹಾಲು ಕಾಯಿಸುವ ಒಂದು ಘಟಕಕ್ಕೆ ನನ್ನನ್ನು ಕರೆದಿದ್ದರು. ಒಳಕೊಳವೆಯಲ್ಲಿ ಬಿಸಿನೀರು, ಸಂದಿನಲ್ಲಿ ಹಾಲು. ಲೆಕ್ಕದ ಪ್ರಕಾರ ಹರಿವು ಚೆನ್ನಾಗಿ ಟರ್ಬ್ಯುಲೆಂಟ್, ಗೋಡೆಯೂ ಅಷ್ಟೇನೂ ಬಿಸಿಯಿಲ್ಲ. ಆದರೂ ಕೆಲವೇ ಗಂಟೆಗಳಲ್ಲಿ ಹಾಲಿಗೆ ಸೀದ ವಾಸನೆ. ಪಂಪು ಬದಲಿಸಿದ್ದರು, ಬಿಸಿನೀರಿನ ಉಷ್ಣತೆ ಇಳಿಸಿದ್ದರು, ವಾಸನೆ ಹೋಗಲಿಲ್ಲ. ಕೊನೆಗೆ ಫ್ಲೇಂಜ್ ಬಿಚ್ಚಿ ಒಳಕೊಳವೆಯನ್ನು ಹೊರಗೆ ಎಳೆಸಿದೆವು. ಮೇಲುಭಾಗ ತೊಳೆದ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು. ತಿರುಗಿಸಿ ನೋಡಿದರೆ ಕೆಳಭಾಗದಲ್ಲಿ ಎರಡು ಬೆರಳಗಲದ ಕಂದು ಪಟ್ಟೆ, ಕೊಳವೆಯ ಮಧ್ಯಭಾಗದ ಉದ್ದಕ್ಕೂ. ಉಗುರಿನಲ್ಲಿ ಕೆರೆದರೆ ಚಕ್ಕೆಯಾಗಿ ಏಳುತ್ತಿತ್ತು. ಪಾತ್ರೆಯಲ್ಲಿ ಹಾಲು ತಳ ಹಿಡಿಯುತ್ತದಲ್ಲ, ಥೇಟ್ ಹಾಗೇ. ಉದ್ದದ ಕೊಳವೆಗೆ ನಡುವೆ ಆಧಾರ ಕೊಡಬೇಕಾದ ಸ್ಪೇಸರ್‌ಗಳನ್ನು ಜೋಡಿಸುವಾಗ ಬಿಟ್ಟಿದ್ದರು. ಕೊಳವೆ ತನ್ನ ಭಾರಕ್ಕೆ ಜೋತು ಬಿದ್ದು ಕೆಳಗಿನ ಸಂದು ಕಿರಿದಾಗಿತ್ತು.

ನೀರಾಗಲಿ ಹಾಲಾಗಲಿ, ಸುಲಭದ ದಾರಿ ಹಿಡಿಯುತ್ತದೆ. ಸಂದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದಾದರೆ ಹರಿವೆಲ್ಲ ಅಗಲದ ಕಡೆ ನುಗ್ಗುತ್ತದೆ. ಕಿರಿದಾದ ಕಡೆ ವೇಗ ಬಿದ್ದುಹೋಗುತ್ತದೆ, ಸುಳಿ ಅಡಗುತ್ತದೆ, ಮೇಲ್ಗಡೆ ಟರ್ಬ್ಯುಲೆಂಟ್ ಇರುವಾಗಲೇ ಕೆಳಗಡೆ ಹೆಚ್ಚುಕಡಿಮೆ ಲ್ಯಾಮಿನಾರ್ ಆಗಿರಬಹುದು. ಸರಾಸರಿ ಕೋಎಫಿಶಿಯೆಂಟೂ ಇಳಿಯುತ್ತದೆ, ಒತ್ತಡದ ನಷ್ಟವೂ ಇಳಿಯುತ್ತದೆ. ಈ ಎರಡನೆಯದು ಜನರನ್ನು ದಾರಿ ತಪ್ಪಿಸುತ್ತದೆ, ಯಾಕೆಂದರೆ ಗೇಜ್ ನೋಡಿದವರಿಗೆ ಪೈಪು ಸ್ವಚ್ಛವಾಗಿ, ಸರಾಗವಾಗಿ ಹರಿಯುತ್ತಿದೆ ಅನ್ನಿಸುತ್ತದೆ. ಆ ಘಟಕದಲ್ಲಿ ಆದದ್ದೂ ಅದೇ, ಶುರುವಿನಿಂದಲೂ ಒತ್ತಡ ಲೆಕ್ಕಕ್ಕಿಂತ ಕಡಿಮೆಯೇ ಇತ್ತು, ಒಳ್ಳೆಯದೇ ಆಯಿತು ಎಂದುಕೊಂಡಿದ್ದರು.

ಸಂದು ನಡುಮಧ್ಯೆ ಇರುವುದು ಎಷ್ಟು ಮುಖ್ಯ ಅನ್ನುವುದಕ್ಕೆ ನಮ್ಮ ಕೈಗಾದಲ್ಲೇ ಒಂದು ಉದಾಹರಣೆ ಇದೆ, ಅಲ್ಲಿ ಉದ್ದೇಶ ಮಾತ್ರ ಉಲ್ಟಾ. ಭಾರಜಲ ರಿಯಾಕ್ಟರಿನಲ್ಲಿ ಇಂಧನವೂ ಬಿಸಿ ಭಾರಜಲವೂ ಇರುವ ಒತ್ತಡದ ಕೊಳವೆಯ ಸುತ್ತ ಕಲಾಂಡ್ರಿಯಾ ಕೊಳವೆ ಇರುತ್ತದೆ, ನಡುವಿನ ಸಂದಿನಲ್ಲಿ ಇಂಗಾಲದ ಡೈಆಕ್ಸೈಡ್. ಶಾಖ ಆಚೆ ಹೋಗಬಾರದು ಅಂತಲೇ ಆ ಸಂದು. ಬಿಸಿ ಕೊಳವೆ ಜೋತು ಬಿದ್ದು ತಣ್ಣಗಿನ ಕೊಳವೆಗೆ ತಾಗದಿರಲಿ ಎಂದು ಮಧ್ಯೆ ಗಾರ್ಟರ್ ಸ್ಪ್ರಿಂಗ್ ಎಂಬ ಸುರುಳಿ ಉಂಗುರಗಳನ್ನು ಹಾಕುತ್ತಾರೆ. 1983ರ ಆಗಸ್ಟಿನಲ್ಲಿ ಕೆನಡಾದ ಪಿಕರಿಂಗ್ ಸ್ಥಾವರದಲ್ಲಿ ಇಂಥದೇ ಒಂದು ಒತ್ತಡದ ಕೊಳವೆ ಉದ್ದಕ್ಕೆ ಸೀಳಿತು. ಉಂಗುರಗಳು ಜಾಗ ಬಿಟ್ಟು ಸರಿದು, ಕೊಳವೆಗಳು ಒಂದಕ್ಕೊಂದು ತಾಗಿ, ತಾಗಿದ ಕಡೆ ತಣ್ಣಗಾದ ಲೋಹದಲ್ಲಿ ಹೈಡ್ರೋಜನ್ ಸೇರಿ ಪೆಡಸಾದ ಹೈಡ್ರೈಡ್ ಗುಳ್ಳೆಗಳು ಕಟ್ಟಿಕೊಂಡಿದ್ದವು.

ನಿಮ್ಮ ಲ್ಯಾಬಿನ ಕೊಳವೆಗೆ ವಾಪಸ್ ಬರುತ್ತೇನೆ. 13 ಮಿ.ಮೀ. ತಾಮ್ರ, ಒಂದೂವರೆ ಮೀಟರ್, ತುದಿಗಳಲ್ಲಿ ಬಿಗಿ ಇಲ್ಲದಿದ್ದರೆ ಮಧ್ಯದಲ್ಲಿ ಒಂದೆರಡು ಮಿ.ಮೀ. ಜೋಲಬಹುದು. ಆರೂವರೆ ಮಿ.ಮೀ. ಸಂದಿನಲ್ಲಿ ಅದು ಕಡಿಮೆಯೇನಲ್ಲ. ನೀರು ಖಾಲಿ ಮಾಡಿ, ತುದಿಯ ಜೋಡಣೆ ಬಿಚ್ಚಲು ಬಿಟ್ಟರೆ, ಒಂದು ತುದಿಯಿಂದ ಟಾರ್ಚ್ ಹಾಕಿ ಇನ್ನೊಂದು ತುದಿಯಿಂದ ನೋಡಿ. ಬೆಳಕಿನ ಬಳೆ ಸುತ್ತಲೂ ಒಂದೇ ದಪ್ಪ ಕಾಣಬೇಕು.

ಇನ್ನು ಥರ್ಮಾಮೀಟರ್. ನಿಮ್ಮ 3 ಲೀಟರ್ ಓಟದಲ್ಲಿ ತಣ್ಣೀರು ಏರಿದ್ದು ಸುಮಾರು ಎರಡೂವರೆ ಡಿಗ್ರಿ ಇರಬೇಕು. ಓದುವಾಗ ಅರ್ಧ ಡಿಗ್ರಿ ಹೆಚ್ಚುಕಡಿಮೆ ಆದರೆ ಶಾಖದ ಲೆಕ್ಕದಲ್ಲಿ 20 ಶೇಕಡ ಹೋಯಿತು. 10 ಲೀಟರಿಗೆ ಹೋದರೂ ಈ ಎಚ್ಚರ ಬೇಕು. ಓಟ ಶುರು ಮಾಡುವ ಮುಂಚೆ ನಾಲ್ಕೂ ಥರ್ಮಾಮೀಟರನ್ನು ಒಂದೇ ಬಕೆಟ್ ನೀರಿನಲ್ಲಿ ಅದ್ದಿ, ಒಂದಕ್ಕೊಂದು ಎಷ್ಟು ವ್ಯತ್ಯಾಸ ಇದೆ ಬರೆದಿಟ್ಟುಕೊಳ್ಳಿ. ಈ ಐದು ನಿಮಿಷದ ಕೆಲಸಕ್ಕೆ ಯಾವ ಸೂತ್ರವೂ ಸಮ ಅಲ್ಲ. ಬಿಸಿನೀರು ಕಳೆದುಕೊಂಡ ಶಾಖವನ್ನೂ ತಣ್ಣೀರು ಪಡೆದ ಶಾಖವನ್ನೂ ಹೋಲಿಸಿ. ತಣ್ಣೀರು ಸಂದಿನಲ್ಲೇ ಇದ್ದು, ಕೋಣೆಯ ಉಷ್ಣತೆಗೆ ಹತ್ತಿರ ಇರುವುದರಿಂದ ಹೊರಗಡೆ ಸೋರಿಕೆ ತೀರಾ ಕಡಿಮೆ ಇರಬೇಕು. ಎರಡರ ನಡುವೆ 10 ಶೇಕಡಕ್ಕಿಂತ ಜಾಸ್ತಿ ಅಂತರ ಬಂದರೆ ಆ ಓಟ ಬಿಟ್ಟುಬಿಡಿ.

ಕೊನೆಯದಾಗಿ, ಒಟ್ಟು ಕೋಎಫಿಶಿಯೆಂಟಿನಿಂದ ಸಂದಿನ ಪಾಲನ್ನು ಹೇಗೆ ಬಿಡಿಸಿದಿರಿ ಎಂದು ನೀವು ಬರೆದಿಲ್ಲ. ಒಳಗಿನ ಕೊಳವೆಗೂ ಸೂತ್ರ ಹಾಕಿ ಕಳೆದಿದ್ದರೆ ಆ ಸೂತ್ರದ ದೋಷವೂ ಸಂದಿನ ತಲೆಗೇ ಬಂತು. 1915ರಲ್ಲಿ ವಿಲ್ಸನ್ ತೋರಿಸಿದ ದಾರಿ ಇನ್ನೂ ಚೆನ್ನಾಗಿದೆ. ಸಂದಿನ ಹರಿವು ಅಲುಗಾಡದಂತೆ 10 ಲೀಟರಿಗೆ ನಿಲ್ಲಿಸಿ. ಒಳಗಿನ ಬಿಸಿನೀರಿನ ಹರಿವನ್ನು ಮಾತ್ರ ಐದಾರು ಸಲ ಬದಲಿಸಿ, ನಿಮಿಷಕ್ಕೆ 4 ಲೀಟರಿನಿಂದ ಮೇಲಕ್ಕೆ. ಕೊಳವೆಯ ದಪ್ಪ 1 ಮಿ.ಮೀ. ಇದ್ದು ನೀರು 60 ಡಿಗ್ರಿ ಇದ್ದರೆ 4 ಲೀಟರಿಗೇ ಅಲ್ಲಿ ರೆನಾಲ್ಡ್ಸ್ ಸಂಖ್ಯೆ 16,000 ದಾಟುತ್ತದೆ, ಟರ್ಬ್ಯುಲೆಂಟ್ ಎಂಬುದರಲ್ಲಿ ಅನುಮಾನ ಬೇಡ. ಪ್ರತಿ ಓಟಕ್ಕೂ ಒಟ್ಟು ಕೋಎಫಿಶಿಯೆಂಟನ್ನು ಕೊಳವೆಯ ಹೊರಮೈ ವಿಸ್ತೀರ್ಣದ ಮೇಲೆ ತೆಗೆಯಿರಿ. 1ನ್ನು ಅದರಿಂದ ಭಾಗಿಸಿ ನಿಂತ ಅಕ್ಷದಲ್ಲಿ ಗುರುತಿಸಿ. ಮಲಗಿದ ಅಕ್ಷದಲ್ಲಿ 1ನ್ನು ಒಳಗಿನ ವೇಗದ 0.8 ಘಾತದಿಂದ ಭಾಗಿಸಿ ಗುರುತಿಸಿ. ಚುಕ್ಕೆಗಳು ಒಂದು ನೇರ ಗೆರೆಯ ಮೇಲೆ ಬೀಳುತ್ತವೆ. ಆ ಗೆರೆ ಎಡಕ್ಕೆ ಹೋಗಿ ನಿಂತ ಅಕ್ಷವನ್ನು ಎಲ್ಲಿ ಕಡಿಯುತ್ತದೋ ಅದು ಸಂದಿನ ತಡೆ ಮತ್ತು ತಾಮ್ರದ ತಡೆ ಸೇರಿದ್ದು. ತಾಮ್ರದ್ದು ನಗಣ್ಯ. ಆ ಅಂಕಿಯಿಂದ 1ನ್ನು ಭಾಗಿಸಿದರೆ ಸಂದಿನ ಕೋಎಫಿಶಿಯೆಂಟ್ ಸಿಗುತ್ತದೆ, ಸಂದಿಗೆ ಯಾವ ವ್ಯಾಸವನ್ನೂ ಊಹಿಸದೆ.

2280ಕ್ಕೆ 15 ಶೇಕಡ ಆಚೀಚೆ ಬಂದರೆ ಕೊಳವೆ ನೆಟ್ಟಗಿದೆ ಎಂದುಕೊಳ್ಳಿ. 1800ಕ್ಕಿಂತ ಕೆಳಗೆ ಬಂದರೆ ಟಾರ್ಚ್ ಹಾಕಿ ನೋಡಿ, ಕಂಡದ್ದನ್ನು ನನಗೆ ಬರೆದು ಕಳಿಸಿ.